ಕೃಷ್ಣೆಯ ನೈಟ್ರೋಜನ್ ಬಂಗಾಳ ಕೊಲ್ಲಿಗೆ ಹೋದ್ರ ಲೆಕ್ಕ ಕೇಳೋರು ಯಾರು?

ಜಮಖಂಡಿ ಓದುಗ:
ನಮ್ಮ ಕಡೆ ಕಬ್ಬಿಗೆ ಹಾಕಿದ ಯೂರಿಯಾದಾಗ ಬೆಳೆ ಹೀರದೆ ಉಳಿದದ್ದು ಬಸಿಗಾಲುವೆ ಹಿಡಿದು ಕೃಷ್ಣಾಕ್ಕ ಸೇರತೈತಿ, ಕೊನೀಗೆ ಬಂಗಾಳ ಕೊಲ್ಲಿಗೆ. ಆ ಕೊಲ್ಲಿ ಸುತ್ತ ಹಲವು ದೇಶ ಅದಾವ. ಮೆಡಿಟರೇನಿಯನ್‌ಗೆ ಇದ್ದಂಗ ನಮ್ಮ ಕಡಲಿಗೂ ಒಪ್ಪಂದ ಐತೇನು? ಇಲ್ಲಿ ಅಳೆದ ಅಂಕಿ ಅಲ್ಲೀತನಕ ಮುಟ್ಟಬೇಕಂದ್ರ ಹೆಂಗ?

ಕಡಲ ಕಾನೂನು:
ಯೋಜನೆ ಐತಿ, ಕಟ್ಟುಪಾಡಿನ ಒಪ್ಪಂದ ಇಲ್ಲ. ದಕ್ಷಿಣ ಏಷ್ಯಾ ಸಮುದ್ರಗಳ ಕ್ರಿಯಾಯೋಜನೆಯನ್ನು 1995ರಲ್ಲಿ ದೆಹಲಿಯಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ ಒಪ್ಪಿದವು. ಅದನ್ನು ನಡೆಸುವ ಸಂಸ್ಥೆ ಸಾಸೆಪ್, ಕಚೇರಿ ಕೊಲಂಬೊದಲ್ಲಿ. ಕೊಲ್ಲಿಯ ದೊಡ್ಡ ದಂಡೆ ಇರುವ ಮ್ಯಾನ್ಮಾರ್ ಇದರೊಳಗೆ ಇಲ್ಲವೇ ಇಲ್ಲ.

ಮೆಡಿಟರೇನಿಯನ್ ದೇಶಗಳು 1975ರಲ್ಲಿ ಯೋಜನೆ, 1976ರಲ್ಲಿ ಬಾರ್ಸಿಲೋನಾ ಒಪ್ಪಂದ, 1980ರಲ್ಲಿ ನೆಲದಿಂದ ಬರುವ ಮಾಲಿನ್ಯಕ್ಕೇ ಬೇರೆ ಪ್ರೋಟೊಕಾಲ್ (ಪೂರಕ ಒಪ್ಪಂದ) ಮಾಡಿಕೊಂಡವು. ನಾವು ಮೊದಲ ಮೆಟ್ಟಿಲಲ್ಲೇ ನಿಂತೀವಿ. ತೈಲ ಸೋರಿಕೆಯಲ್ಲಿ ಮಾತ್ರ ಸಹಕಾರ ಚಲೋ ನಡೀತದ. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್‌ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿದಾಗ ನಮ್ಮ ಕರಾವಳಿ ಕಾವಲು ಪಡೆ ಬೆಂಕಿ ಆರಿಸಲು ಹೋಗಿತ್ತು. ಅಲ್ಲಿ ಹಡಗು ಒಂದೇ, ಹೊಣೆ ಹೊತ್ತ ಪಡೆಯೂ ಒಂದೇ. ನೈಟ್ರೋಜನ್ ವಿಷಯದಲ್ಲಿ ಕೃಷಿ, ನೀರಾವರಿ, ಮಾಲಿನ್ಯ ಮಂಡಳಿ ಮೂರಕ್ಕೂ ಪಾಲು ಇದ್ದು, ಪೂರ್ತಿ ಹೊಣೆ ಯಾರದೂ ಅಲ್ಲ.

ನೀರಳತೆ:
ಬಾಲ್ಟಿಕ್ ದೇಶಗಳನ್ನು ನೋಡ್ರಿ. ಕಡಲಿನ ಒಂದೊಂದು ಭಾಗ ವರ್ಷಕ್ಕೆ ಎಷ್ಟು ಟನ್ ನೈಟ್ರೋಜನ್, ರಂಜಕ ತಾಳೀತು ಅಂತ ಮೊದಲು ಮಿತಿ ಹಾಕಿ, ಆಮೇಲೆ ಅದನ್ನು ದೇಶವಾರು ಹಂಚಿದರು. ನನ್ನ ಮಟ್ಟಿಗೆ ನಮಗೂ ಬೇಕಾದ್ದು ಇದೇ. ಆದರೆ ಹಂಚಬೇಕಂದ್ರೆ ಎಲ್ಲರ ಅಂಕಿ ಒಂದೇ ಅಳತೆಯಲ್ಲಿ ಇರಬೇಕು.

ಮಾಲಿನ್ಯ ಮಂಡಳಿ ಕೊಡೋದು ಸಾಂದ್ರತೆ, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಕಡಲಿಗೆ ಬೇಕಾದ್ದು ಹೊರೆ, ಅಂದ್ರೆ ನದಿ ಒಟ್ಟು ಎಷ್ಟು ತೂಕ ಹೊತ್ತು ತಂತು ಅನ್ನೋದು. ಸಾಂದ್ರತೆಯನ್ನು ಹರಿವಿನಿಂದ (ಸೆಕೆಂಡಿಗೆ ಘನ ಮೀಟರ್) ಗುಣಿಸಿ, ಮತ್ತೆ 86.4ರಿಂದ ಗುಣಿಸಿದರೆ ದಿನದ ಕಿಲೋ ಬರುತ್ತದೆ. 2 ಮಿಲಿಗ್ರಾಂ, 500 ಘನ ಮೀಟರ್ ಇದ್ದರೆ 86,400 ಕಿಲೋ. ಹರಿವಿನ ಅಂಕಿ ಕೇಂದ್ರ ಜಲ ಆಯೋಗದ್ದು, ಅದೂ ಮಾದರಿ ತೆಗೆದ ದಿನದ್ದೇ ಆಗಬೇಕು.

ಹೆಚ್ಚಾಗಿ ಕೆಡೋದು ಎರಡು ಕಡೆ. ಒಂದು ಪ್ರಯೋಗಾಲಯ ‘ನೈಟ್ರೇಟ್’ ಬರೆದರೆ ಇನ್ನೊಂದು ‘ನೈಟ್ರೇಟ್-ನೈಟ್ರೋಜನ್’ (ನೈಟ್ರೇಟಿನೊಳಗಿನ ನೈಟ್ರೋಜನ್ ತೂಕ ಮಾತ್ರ) ಬರೆಯುತ್ತದೆ. ಎರಡರ ನಡುವೆ 4.43 ಪಟ್ಟು ಅಂತರ. ಎರಡನೆಯದು, ತಿಂಗಳಿಗೊಮ್ಮೆ ತಾರೀಖು ನೋಡಿ ನೀರು ತುಂಬೋದು. ಕೃಷ್ಣೆಯ ಹೊರೆಯ ಬಹುಪಾಲು ಮಳೆಗಾಲದ ಪ್ರವಾಹದಲ್ಲೇ ಸಾಗುತ್ತದೆ, ಆಗ ವಾರಕ್ಕೊಮ್ಮೆಯಾದರೂ ಬೇಕು. ಮಾದರಿ 4 ಡಿಗ್ರಿಯಲ್ಲಿರಲಿ, ನೈಟ್ರೇಟ್ ಪರೀಕ್ಷೆ 48 ಗಂಟೆಯೊಳಗೆ ಮುಗಿಯಲಿ.

ಜಮಖಂಡಿ ಓದುಗ:
ಹಂಗಾದ್ರ ಆಲಮಟ್ಟಿ ಅಂಕಿ ಸಾಕೇನ್ರಿ?

ನೀರಳತೆ:
ಸಾಲದು. ಕೆಳಗೆ ನಾರಾಯಣಪುರ, ಜುರಾಲಾ, ಶ್ರೀಶೈಲಂ, ನಾಗಾರ್ಜುನಸಾಗರ ಅದಾವ. ಹೂಳಿನ ಜೊತೆ ರಂಜಕ ಅಲ್ಲೇ ತಂಗುತ್ತದೆ, ನೀರೂ ಕಾಲುವೆಗೆ ತಿರುಗುತ್ತದೆ. ಕಡಲಿನ ಲೆಕ್ಕಕ್ಕೆ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಕೆಳಗಿನ ಅಂಕಿ ಬೇಕು. ಆಲಮಟ್ಟಿಯದು ನಮ್ಮ ಪಾಲು ಎಷ್ಟು ಅಂತ ತಿಳಿಯೋದಕ್ಕೆ.