ಸಹಾಯ ಬೇಕು: ಡಬ್ಬಿ ಬೀನ್ಸ್ ನಾಯಿಗೆ ದಿನಾ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ನಮ್ಮ ಲ್ಯಾಬ್ರಡಾರ್ ಚಿನ್ನುಗೆ ಏಳು ವರ್ಷ, ತೂಕ 41 ಕೆಜಿ. ಐದು ಕೆಜಿಯಾದರೂ ಇಳಿಸಲೇಬೇಕು ಎಂದಿದ್ದಾರೆ ಡಾಕ್ಟರು. ಡ್ರೈ ಫುಡ್ ಸ್ವಲ್ಪ ಕಡಿಮೆ ಮಾಡಿ, ಹೊಟ್ಟೆ ತುಂಬಲು ಬೀನ್ಸ್ ಹಾಕಿ ಎಂಬುದು ಅವರ ಸಲಹೆ.

ದಿನಾ ಬೀನ್ಸ್ ಹೆಚ್ಚಿ ಬೇಯಿಸಲು ನನಗೆ ಪುರುಸೊತ್ತಿಲ್ಲ. ಸುಮ್ನೆ ನಾಲ್ಕು ಡಬ್ಬಿ ತಂದುಬಿಟ್ಟೆ. ಮನೆಗೆ ಬಂದು ಲೇಬಲ್ ಓದಿದರೆ ಅರ್ಧ ಕಪ್‌ಗೆ 380 ಮಿಲಿಗ್ರಾಂ ಸೋಡಿಯಂ! ಸದ್ಯಕ್ಕೆ ಡಬ್ಬಿಯ ನೀರು ಚೆಲ್ಲಿ, ನಲ್ಲಿ ಕೆಳಗೆ ಎರಡು ಸಲ ತೊಳೆದು, ಎರಡೇ ಚಮಚ ಹಾಕುತ್ತಿದ್ದೇನೆ. ತೊಳೆದರೆ ಉಪ್ಪು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಅಲ್ವಾ? ಉಪ್ಪು ಹಾಕದ ಡಬ್ಬಿಯೂ ಸಿಗುತ್ತದೆ. ಮುಂದಿನ ಸಲ ಅದೇ.

ಇನ್ನೊಂದು ತಲೆನೋವು. ಊರಿಂದ ಅತ್ತೆ ಬಂದಿದ್ದಾರೆ, ಚಿನ್ನು ಅಂದ್ರೆ ಪ್ರಾಣ. ಮೊನ್ನೆ ಟೊಮೇಟೊ ಸಾಸಿನ ಬೀನ್ಸ್ ಡಬ್ಬಿ ತೆಗೆದು ಕೊಡಲು ಹೊರಟಿದ್ದರು. ಅದರಲ್ಲಿ ಈರುಳ್ಳಿ ಪುಡಿ ಇತ್ತು. ಈರುಳ್ಳಿ, ಬೆಳ್ಳುಳ್ಳಿ ಪುಡಿಯಾಗಿದ್ದರೂ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ ಎಂದೆ. "ನಮ್ಮೂರ ನಾಯಿ ಸಾರನ್ನ ತಿಂದೇ ಹದಿಮೂರು ವರ್ಷ ಬದುಕಿತ್ತಮ್ಮ" ಅಂದರು. ಏನು ಹೇಳಲಿ?

ಹೆಚ್ಚುವರಿ ತಿಂಡಿ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ದಾಟಬಾರದು ಎಂಬುದು ಗೊತ್ತು. ಆದರೆ ಬೀನ್ಸ್‌ನಲ್ಲಿ ಕ್ಯಾಲೊರಿಯೇ ಕಡಿಮೆ, ಲೆಕ್ಕ ಹಾಕುವುದು ಹೇಗೆ? ಇಷ್ಟು ದೊಡ್ಡ ನಾಯಿಗೆ ನೀವು ಎಷ್ಟು ಹಾಕುತ್ತೀರಿ? ಗ್ಯಾಸ್ ಜಾಸ್ತಿ ಆಯಿತಾ? ಉಳಿದದ್ದನ್ನು ಗಾಜಿನ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿ ಮೂರು ದಿನ ಇಡುತ್ತಿದ್ದೇನೆ, ಫ್ರೀಜ್ ಮಾಡಿದವರಿದ್ದರೂ ತಿಳಿಸಿ.