ಹತ್ತು ವರ್ಷದ ಹಿಂದಿನದು ನೆನಪಿದೆ, ಈಗ ಹೇಳಿದ್ದು ನಿಲ್ಲುತ್ತಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಕಳೆದ ವರ್ಷ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ ಇದೆಯೆಂದು ತಿಳಿಯಿತು. ಹತ್ತು ವರ್ಷದ ಹಿಂದಿನ ಮಾತುಕತೆ ನನಗೆ ಚೆನ್ನಾಗಿ ನೆನಪಿರುತ್ತದೆ. ಆದರೆ ಮೇಲಧಿಕಾರಿಗಳು ಒಟ್ಟಿಗೆ ಮೂರು ಕೆಲಸ ಹೇಳಿದರೆ, ನನ್ನ ಮೇಜಿಗೆ ಮರಳುವಷ್ಟರಲ್ಲಿ ಎರಡು ಮರೆತುಹೋಗಿರುತ್ತವೆ. ಇದು ಮರೆವಿನ ಕಾಯಿಲೆಯ ಆರಂಭವೇ? ನೆನಪಿನ ಆಟಗಳ ಆ್ಯಪ್‌ನಿಂದ ಪ್ರಯೋಜನವಾದೀತೇ?

ಉತ್ತರ: ಹಳೆಯದನ್ನು ಕಾಪಾಡುವುದು ದೀರ್ಘಕಾಲದ ಸ್ಮೃತಿ; ಕೇಳಿದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದುಕೊಂಡು ಬಳಸುವುದು ಕಾರ್ಯಸ್ಮೃತಿ, ಅಂದರೆ ವರ್ಕಿಂಗ್ ಮೆಮೊರಿ. ನಿಮ್ಮಲ್ಲಿ ತೊಡಕಿರುವುದು ಎರಡನೆಯದರಲ್ಲಿ ಎಂದು ತೋರುತ್ತದೆ. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬ ಮನೋವಿಜ್ಞಾನಿಗಳು ಇದನ್ನು ಬರಿಯ ಉಗ್ರಾಣವೆಂದು ನೋಡದೆ, ಮಾತನ್ನು ಹಿಡಿಯುವ ಒಂದು ಭಾಗ, ದೃಶ್ಯವನ್ನು ಹಿಡಿಯುವ ಇನ್ನೊಂದು ಭಾಗ ಮತ್ತು ಇವೆರಡರ ನಡುವೆ ಗಮನವನ್ನು ಹಂಚುವ ಮೇಲ್ವಿಚಾರಕನಿರುವ ವ್ಯವಸ್ಥೆಯೆಂದು ವಿವರಿಸಿದರು. ಎಡಿಎಚ್‌ಡಿಯಲ್ಲಿ ಹೆಚ್ಚಾಗಿ ಎಡವುವವನು ಈ ಮೇಲ್ವಿಚಾರಕನೇ. ದಾರಿಯಲ್ಲಿ ಯಾರೋ ಮಾತನಾಡಿಸಿದರೆಂದರೆ ಗಮನ ಅತ್ತ ಹರಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಎಡಿಎಚ್‌ಡಿ ಇರುವ ಎಲ್ಲರಲ್ಲೂ ಈ ತೊಂದರೆ ಒಂದೇ ಪ್ರಮಾಣದಲ್ಲಿರುವುದಿಲ್ಲ.

ಬಾಲ್ಯದಿಂದಲೂ ಹೀಗೆಯೇ ಇದ್ದರೆ ಮರೆವಿನ ಕಾಯಿಲೆಯ ಶಂಕೆ ಕಡಿಮೆ. ಇತ್ತೀಚೆಗೆ ಶುರುವಾಗಿದ್ದರೆ ಅಥವಾ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ನಿದ್ರೆ, ಖಿನ್ನತೆ, ಥೈರಾಯ್ಡ್, ಬಿ12 ಇವುಗಳನ್ನು ಪರೀಕ್ಷಿಸಿಕೊಳ್ಳಿ.

ಆ್ಯಪ್‌ಗೆ ಹಣ ಸುರಿಯಬೇಡಿ. ಅಭ್ಯಾಸದಿಂದ ಆ ಆಟದಲ್ಲಿ ಚುರುಕಾಗುತ್ತೀರಿ, ಆದರೆ ಆ ಚುರುಕು ದಿನನಿತ್ಯದ ಕೆಲಸಕ್ಕೆ ಇಳಿಯುವುದು ಬಹಳ ಕಡಿಮೆ. ಅದಕ್ಕಿಂತ, ಹೊತ್ತು ನಡೆಯಬೇಕಾದ ಭಾರವನ್ನೇ ಇಳಿಸಿಬಿಡಿ: ಕುಳಿತಲ್ಲಿಂದ ಏಳುವ ಮುನ್ನವೇ ಬರೆದುಕೊಂಡು, ಬರೆದುದನ್ನು ಮೇಲಧಿಕಾರಿಗಳಿಗೆ ಓದಿ ಹೇಳಿ. ಮೇಜಿಗೆ ಹೋಗಿ ಬರೆಯುತ್ತೇನೆಂದರೆ ಬರೆಯಬೇಕಾದುದು ಅಷ್ಟರಲ್ಲಿ ಜಾರಿರುತ್ತದೆ. (ಅಂದದ ಡೈರಿ ಕೊಂಡು ಅದನ್ನೇ ಎಲ್ಲೋ ಇಟ್ಟು ಮರೆತವರನ್ನು ನಾನು ಬಹಳ ಮಂದಿ ನೋಡಿದ್ದೇನೆ, ಜೇಬಿನಲ್ಲಿರುವ ಚೀಟಿಯೇ ಸಾಕು.)

ಪ್ರಶ್ನೆ: ಧನ್ಯವಾದಗಳು. ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಓದಲು ಕುಳಿತರೆ ಗಮನ ನಿಲ್ಲುತ್ತಿದೆ, ಆದರೆ ಈ ಸಮಸ್ಯೆ ಹಾಗೆಯೇ ಇದೆ. ಪ್ರಮಾಣ ಹೆಚ್ಚಿಸಬಹುದೇ?

ಉತ್ತರ: ನೀವಾಗಿಯೇ ಹೆಚ್ಚಿಸಬೇಡಿ. ಈ ಔಷಧಿ ಮಿದುಳಿನ ಮುಂಭಾಗದಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ರಾಸಾಯನಿಕಗಳ ಪ್ರಭಾವವನ್ನು ಹೆಚ್ಚಿಸುವುದರಿಂದ ಗಮನಕ್ಕೆ ನೆರವಾಗುತ್ತದೆ; ಕಾರ್ಯಸ್ಮೃತಿಯಲ್ಲಿ ಕಾಣುವ ಸುಧಾರಣೆ ಸಾಮಾನ್ಯವಾಗಿ ಅದಕ್ಕಿಂತ ಸಣ್ಣದು. ಪ್ರಮಾಣ ಹೆಚ್ಚಿದಂತೆ ರಕ್ತದೊತ್ತಡ, ಎದೆಬಡಿತ ಏರಬಹುದು, ನಿದ್ರೆ ಕೆಡಬಹುದು, ಮತ್ತು ನಿದ್ರೆಗೆಟ್ಟರೆ ಇದ್ದ ಹಿಡಿತವೂ ಕುಸಿಯುತ್ತದೆ. ಎರಡು ವಾರ ಯಾವ ಹೊತ್ತಿನಲ್ಲಿ, ಏನು ಅಡ್ಡಬಂದಾಗ ಮಾತು ಜಾರಿತೆಂದು ಗುರುತು ಹಾಕಿಕೊಂಡು, ಆ ಹಾಳೆಯೊಂದಿಗೆ ನಿಮ್ಮ ವೈದ್ಯರನ್ನು ಕಾಣಿರಿ.