ಅಪ್ಪನ ಬೆನ್ನಿಗೆ ಆಸ್ಟಿಯೋಪಥಿ ಮಾಡಿಸಬಹುದಾ?

ರೇಷ್ಮೆಮನೆ:
ನಮ್ಮದು ಬಾಗೇಪಲ್ಲಿ ಹತ್ತಿರದ ಹಳ್ಳಿ. ಅಪ್ಪನಿಗೆ ಅರವತ್ತು ದಾಟಿದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೊತ್ತು ಸೊಂಟ ಹಿಡ್ಕೊಂಡಿದೆ. ಬೆಳಗ್ಗೆ ಎದ್ದರೆ ಬಗ್ಗೋಕೇ ಆಗಲ್ಲ. ಬೆಂಗಳೂರಿನ ಭಾವ ಆಸ್ಟಿಯೋಪಥಿ, ಅಂದರೆ ಕೈಯಿಂದಲೇ ಒತ್ತಿ ತಿರುಗಿಸಿ ಚಿಕಿತ್ಸೆ ಮಾಡೋರ ಹತ್ತಿರ ಕರ್ಕೊಂಡು ಬಾ ಅಂತಿದ್ದಾರೆ. ಎಲ್ಲಿ ಒತ್ತಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ಲಟಕ್ ಅಂತ ಶಬ್ದ ಬಂದರೆ ಜರುಗಿದ ಮೂಳೆ ಕೂತಿತು ಅಂತಾನಾ?

ಫಿಸಿಯೋ ಚಿಂತಾಮಣಿ:
ಮೂಳೆ ಜರುಗಿರೋದೂ ಇಲ್ಲ, ಕೂರೋದೂ ಇಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಗಾಳಿಗುಳ್ಳೆ ಏಳುತ್ತೆ, ಆ ಶಬ್ದ ಅದು. ಬೆರಳಿನ ನೆಟಿಗೆ ಮುರಿದಾಗಲೂ ಅದೇ. ಶಬ್ದ ಬರಲಿಲ್ಲ ಅಂದರೆ ಚಿಕಿತ್ಸೆ ಕೆಟ್ಟಿತು ಅಂತಲ್ಲ.

ಚೆನ್ನಾಗಿ ಕಲಿತವರು ಒತ್ತೋದಕ್ಕಿಂತ ನೋಡೋದಕ್ಕೇ ಜಾಸ್ತಿ ಹೊತ್ತು ತಗೊಳ್ತಾರೆ. ನಿಲ್ಲಿಸಿ, ಹಿಂದಿನಿಂದ ಭುಜ, ಸೊಂಟ ಎರಡೂ ಕಡೆ ಸಮ ಇವೆಯಾ ಅಂತ ನೋಡ್ತಾರೆ. ಆಮೇಲೆ ಬೆನ್ನುಮೂಳೆಯ ಅಕ್ಕಪಕ್ಕ ಹೆಬ್ಬೆರಳಿಟ್ಟು ಒಂದೊಂದೇ ಮಣಿ ಇಳಿಯುತ್ತಾ, ಸ್ನಾಯು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಮುಟ್ಟಿದರೆ ನೋವು, ಬಗ್ಗಿಸಿ ತಿರುಗಿಸಿದಾಗ ಯಾವ ಮಣಿ ಪಕ್ಕದ್ದಕ್ಕಿಂತ ಕಡಿಮೆ ಆಡುತ್ತೆ ಅಂತ ಹುಡುಕ್ತಾರೆ. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಶುರು ಮಾಡಿದ ಪದ್ಧತಿ ಇದು. ದೇಹ ಪೂರ್ತಿ ಒಂದೇ, ಅದರ ರಚನೆ ಕೆಟ್ಟರೆ ಕೆಲಸವೂ ಕೆಡುತ್ತೆ ಅನ್ನೋದು ಅದರ ಬುನಾದಿ. ಆದರೆ ಒಬ್ಬರ ಹೆಬ್ಬೆರಳಿಗೆ ಸಿಕ್ಕಿದ್ದು ಇನ್ನೊಬ್ಬರಿಗೂ ಹಾಗೇ ಸಿಗುತ್ತೆ ಅಂತ ನಂಬಬೇಡಿ, ಎಷ್ಟೋ ಸಲ ಸಿಗಲ್ಲ.

ಪಾವಗಡದ ನರ್ಸ್:
ನೀರಿನ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ನಿಮ್ಮ ಕಡೆಯ ಬೋರ್‌ವೆಲ್ ನೀರಲ್ಲೂ ಫ್ಲೋರೈಡ್ ಜಾಸ್ತಿ, ನಮ್ಮಲ್ಲೂ ಅದೇ ಗೋಳು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ತುಂಬಾ ಜಾಸ್ತಿ ಇರೋ ನೀರು ವರ್ಷಗಟ್ಟಲೆ ಕುಡಿದರೆ ಬೆನ್ನಿನ ಮೂಳೆಗಳನ್ನ ಕಟ್ಟಿಹಿಡಿದಿರೋ ನಾರುಗಳಿಗೆ ಸುಣ್ಣದಂಶ ಸೇರಿ ಬೆನ್ನು ಸೆಟೆದುಕೊಳ್ಳುತ್ತೆ, ನರ ಹಾಯುವ ಜಾಗವೂ ಕಿರಿದಾಗಬಹುದು. ಅಂಥ ಬೆನ್ನನ್ನ ಝಟ್ ಅಂತ ಒತ್ತಿಸೋದು ಅಪಾಯ, ಕತ್ತಿಗಂತೂ ಬೇಡವೇ ಬೇಡ.

ಮನೆಯಲ್ಲೇ ನೋಡಿ: ಮಂಡಿ ಮಡಿಸದೆ ನೆಲ ಮುಟ್ಟಲಿ, ಗಲ್ಲ ಎದೆಗೆ ತಾಗಿಸಲಿ, ಎರಡೂ ಕೈ ತಲೆ ಹಿಂದಕ್ಕೆ ತರಲಿ. ಇವು ಆಗದಿದ್ದರೆ ಫ್ಲೋರೈಡ್ ಮೇಲೆ ಅನುಮಾನ ಪಡಬೇಕು. ಕಾಲಿನ ಶಕ್ತಿ ಕುಗ್ಗಿದ್ದರೆ, ಮೂತ್ರ ಕಟ್ಟಿದ್ದರೆ, ಕೂರುವ ಜಾಗ ಮರಗಟ್ಟಿದ್ದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಜ್ವರ ಇದ್ದು ತೂಕ ಇಳಿದಿದ್ದರೆ ಬೆನ್ನುಮೂಳೆಯ ಟಿಬಿ ಇಲ್ಲ ಅಂತ ಖಚಿತ ಮಾಡ್ಕೊಳ್ಳಿ.

ರೇಷ್ಮೆಮನೆ:
ಮಾಡಿಸಿ ನೋಡಿದೆ ಅಕ್ಕ. ಗಲ್ಲ ಎದೆಗೆ ತಾಗಲಿಲ್ಲ, ನಾಲ್ಕು ಬೆರಳಿನಷ್ಟು ಹಾಗೇ ಉಳೀತು. ಹಲ್ಲೂ ಮೊದಲಿಂದ ಕಂದು, ಅದೂ ಫ್ಲೋರೈಡ್‌ನಿಂದಲೇ ಇರಬಹುದು. ಕಾಲು, ಮೂತ್ರದ ತೊಂದರೆ ಇಲ್ಲ. ಭಾವನಿಗೆ ಸದ್ಯಕ್ಕೆ ಬರಲ್ಲ ಅಂತ ಹೇಳಿದೆ. ಎಕ್ಸ್‌ರೇ ಸೊಂಟದ್ದು ಮಾತ್ರ ಸಾಕಾ?

ಪಾವಗಡದ ನರ್ಸ್:
ಸಾಲದು. ಕತ್ತಿನದ್ದೂ ಬೇಕಾಗಬಹುದು, ಮುಂಗೈಯದ್ದನ್ನೂ ಕೇಳಿ, ಫ್ಲೋರೈಡ್ ಹಾನಿ ಅಲ್ಲೂ ಗೊತ್ತಾಗುತ್ತೆ. ಕುಡಿಯೋ ನೀರಿನ ಪರೀಕ್ಷೆನೂ ಮಾಡಿಸಿ.